ಮಂತ್ರದಂಡ, ಕಿರಣಬಂದೂಕು: ಮೇಜಿನಾಟಗಳಲ್ಲಿ ಒಂದು ಬೆರಕೆಯ ಇತಿಹಾಸ

ಪಾತ್ರ ವಹಿಸಿ ಆಡುವ ಮೇಜಿನಾಟಕ್ಕೆ ಬೇಕಾದ ಸಾಮಗ್ರಿ ತೀರಾ ಕಡಿಮೆ: ಕಾಗದ, ಪೆನ್ಸಿಲ್, ಕೆಲವು ದಾಳಗಳು, ಒಂದು ನಿಯಮಗಳ ಪುಸ್ತಕ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ಆಟ ನಡೆಸುತ್ತಾರೆ. ಕಣ್ಣೆದುರಿನ ಊರು, ಕಾಡು, ಗುಹೆ ಹೇಗಿದೆಯೆಂದು ಬಣ್ಣಿಸುವುದು, ಅಲ್ಲಿನ ಶತ್ರುಗಳನ್ನು ಆಡಿಸುವುದು ಅವರ ಕೆಲಸ. ಉಳಿದವರು ತಲಾ ಒಂದು ಪಾತ್ರ ಹಿಡಿದು ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅಂದುಕೊಂಡದ್ದು ಕೈಗೂಡುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಕಥೆ ನಡೆಯುವ ಲೋಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮಂತ್ರವಾದಿ, ಡ್ರ್ಯಾಗನ್, ಕತ್ತಿ ಗುರಾಣಿಗಳ ಫ್ಯಾಂಟಸಿ ಒಂದು. ಅಂತರಿಕ್ಷ ನೌಕೆ, ರೋಬಾಟ್, ಕಿರಣಬಂದೂಕುಗಳ ವೈಜ್ಞಾನಿಕ ಕಥೆ ಇನ್ನೊಂದು. ಎರಡನ್ನೂ ಒಂದೇ ಲೋಕದಲ್ಲಿ ಇಟ್ಟ ಆಟಗಳೂ ಬೇಕಾದಷ್ಟಿವೆ. ಇವು ಎರಡು ಶುದ್ಧ ತಳಿಗಳಿಂದ ಆಮೇಲೆ ಹುಟ್ಟಿದ ಮಿಶ್ರತಳಿ ಎಂದು ತೋರುವುದು ಸಹಜ. ಇಸವಿಗಳನ್ನು ಜೋಡಿಸಿ ನೋಡಿದರೆ ಸಂಗತಿ ತಿರುಗುಮುರುಗಾಗಿದೆ: ಆಟ ಹುಟ್ಟಿದ್ದೇ ಬೆರಕೆಯಾಗಿ, ಬೇರೆಯಾದದ್ದು ಆಮೇಲೆ.

ಅಗ್ಗದ ಕಾಗದದ ಪತ್ರಿಕೆಗಳು

ಈ ಆಟಗಳನ್ನು ರೂಪಿಸಿದವರು ಓದಿ ಬೆಳೆದದ್ದು ಇಪ್ಪತ್ತನೆಯ ಶತಮಾನದ ಮೊದಲರ್ಧದ ಅಮೆರಿಕದ ಕಥಾಪತ್ರಿಕೆಗಳ ಪರಂಪರೆಯನ್ನು. ಅಗ್ಗದ ಒರಟು ಕಾಗದದಲ್ಲಿ ಅಚ್ಚಾಗುತ್ತಿದ್ದ ಆ ಪತ್ರಿಕೆಗಳಲ್ಲಿ ಪ್ರೇತ, ಮಂತ್ರ, ಅನ್ಯಗ್ರಹ ಎಲ್ಲವೂ ಒಂದೇ ಸಂಚಿಕೆಯಲ್ಲಿ ಸಿಗುತ್ತಿದ್ದವು. ಎಡ್ಗರ್ ರೈಸ್ ಬರೋಸ್ 1912ರಲ್ಲಿ ಧಾರಾವಾಹಿಯಾಗಿ ಬರೆಯಲಾರಂಭಿಸಿದ ಮಂಗಳ ಗ್ರಹದ ಕಥೆಗಳಲ್ಲಿ ಹಾರುವ ಹಡಗುಗಳಿವೆ, ವಿಕಿರಣದ ಗುಂಡು ಹಾರಿಸುವ ಬಂದೂಕುಗಳಿವೆ. ಆದರೂ ವೀರರು ಕೊನೆಗೆ ಕತ್ತಿ ಹಿರಿದೇ ಕಾದುತ್ತಾರೆ. 1923ರಲ್ಲಿ ಶುರುವಾದ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ರಾಬರ್ಟ್ ಇ. ಹೋವರ್ಡ್ ತನ್ನ ಕೋನನ್ ಕಥೆಗಳನ್ನು ಪ್ರಕಟಿಸಿದ. 1933ರ ‘ದಿ ಟವರ್ ಆಫ್ ದಿ ಎಲಿಫೆಂಟ್’ ಕಥೆಯಲ್ಲಿ ಕಳ್ಳತನಕ್ಕೆಂದು ಮಾಂತ್ರಿಕನ ಗೋಪುರ ಹತ್ತಿದ ಕೋನನ್‌ಗೆ ಆನೆಯ ತಲೆಯ ಒಂದು ಜೀವಿ ಎದುರಾಗುತ್ತದೆ. ಅದು ದೇವರೂ ಅಲ್ಲ, ಪಿಶಾಚಿಯೂ ಅಲ್ಲ. ಬೇರೊಂದು ಗ್ರಹದಿಂದ ಬಂದು ಸೆರೆಸಿಕ್ಕ ಪ್ರಾಣಿ.

ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದಿ ಡೈಯಿಂಗ್ ಅರ್ತ್’ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಸೂರ್ಯ ನಂದಿಹೋಗಲಿರುವ ಅತಿ ದೂರದ ಭವಿಷ್ಯದಲ್ಲಿ ಅಳಿದುಳಿದ ವಿದ್ಯೆಯೇ ಅಲ್ಲಿ ಮಂತ್ರ. ಮಂತ್ರವಾದಿ ಅದನ್ನು ಕಷ್ಟಪಟ್ಟು ತಲೆಗೆ ತುಂಬಿಕೊಳ್ಳುತ್ತಾನೆ. ಒಮ್ಮೆ ಪ್ರಯೋಗಿಸಿದರೆ ಅದು ನೆನಪಿನಿಂದ ಅಳಿಸಿಹೋಗುತ್ತದೆ. ರೋಜರ್ ಜೆಲಾಜ್ನಿಯ 1967ರ ‘ಲಾರ್ಡ್ ಆಫ್ ಲೈಟ್’ ಕಾದಂಬರಿಯಲ್ಲಿ ಅನ್ಯಗ್ರಹಕ್ಕೆ ವಲಸೆಹೋದ ಮನುಷ್ಯರು ಯಂತ್ರಬಲದಿಂದ ಹಿಂದೂ ದೇವತೆಗಳ ವೇಷ ತೊಟ್ಟು ಆಳುತ್ತಾರೆ. ಸಾಕಷ್ಟು ಮುಂದುವರಿದ ತಂತ್ರಜ್ಞಾನಕ್ಕೂ ಮಾಯೆಗೂ ನೋಡುವವರಿಗೆ ವ್ಯತ್ಯಾಸ ಕಾಣದು ಎಂಬ ಆರ್ಥರ್ ಸಿ. ಕ್ಲಾರ್ಕ್‌ನ ಪ್ರಸಿದ್ಧ ಸೂತ್ರ ಪುಸ್ತಕದಲ್ಲಿ ಅಚ್ಚಾದದ್ದು 1973ರಲ್ಲಿ. ಮೊದಲ ಪಾತ್ರಾಭಿನಯದ ಆಟ ಮಾರುಕಟ್ಟೆಗೆ ಬಂದದ್ದು ಅದರ ಮರುವರ್ಷ.

ನೆಲಮಾಳಿಗೆಯ ಬ್ಲ್ಯಾಕ್‌ಮೂರ್

ಆಟದ ತವರು ಅಮೆರಿಕದ ಮಧ್ಯಪಶ್ಚಿಮ ಭಾಗ. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಸೀಸದ ಪುಟ್ಟ ಸೈನಿಕರನ್ನು ಜೋಡಿಸಿ ಹಳೆಯ ಯುದ್ಧಗಳನ್ನು ಆಡುವ ಹವ್ಯಾಸಿಗಳ ಗುಂಪೊಂದಿತ್ತು. 1969ರಲ್ಲಿ ಡೇವಿಡ್ ವೆಸ್ಲಿ ಎಂಬಾತ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರಿನಲ್ಲಿ ಪ್ರತಿ ಆಟಗಾರನಿಗೂ ಸೈನ್ಯದ ಬದಲು ಒಬ್ಬೊಬ್ಬ ವ್ಯಕ್ತಿಯ ಪಾತ್ರ ಕೊಟ್ಟು ಆಡಿಸಿದ. ಅದೇ ಗುಂಪಿನ ಡೇವ್ ಆರ್ನೆಸನ್ ಆ ಉಪಾಯವನ್ನು ಹಿಡಿದು 1971ರ ಹೊತ್ತಿಗೆ ತನ್ನ ನೆಲಮಾಳಿಗೆಯಲ್ಲಿ ಬ್ಲ್ಯಾಕ್‌ಮೂರ್ ಎಂಬ ನಾಡನ್ನು ಕಟ್ಟಿದ.

ಆರ್ನೆಸನ್ ಆಮೇಲೆ ಹೇಳಿಕೊಂಡ ಒಂದು ಪ್ರಸಂಗ ಈ ಬೆರಕೆಯ ಬೀಜದಂತಿದೆ. ಪ್ರಾಚೀನ ಕಾಲದ ಯುದ್ಧವೊಂದನ್ನು ಮೇಜಿನ ಮೇಲೆ ಆಡಿಸುತ್ತಿದ್ದಾಗ ಒಂದು ಪಕ್ಷದ ಡ್ರೂಯಿಡ್ ಪುರೋಹಿತನ ಕೈಗೆ ಆತ ಗುಟ್ಟಾಗಿ ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯ ಫೇಸರ್ ಆಯುಧವನ್ನು ಕೊಟ್ಟಿದ್ದ. ಎದುರಾಳಿ ತನ್ನ ಯುದ್ಧದ ಆನೆಯನ್ನು ಮುನ್ನುಗ್ಗಿಸಿದ; ಪುರೋಹಿತ ಫೇಸರ್ ಎತ್ತಿ ಆನೆಯನ್ನು ಸುಟ್ಟುಬಿಟ್ಟ. ಯುದ್ಧದಾಟದ ನಿಯಮಗಳ ಪ್ರಕಾರ ಇದು ಶುದ್ಧ ಅನ್ಯಾಯ. ಮೇಜಿನ ಸುತ್ತ ಕೂತವರಿಗೆ ಮಾತ್ರ ಯಾವ ಆಟದ ಪೆಟ್ಟಿಗೆಯಲ್ಲೂ ಸಿಗದ ಅಚ್ಚರಿಯೊಂದು ಸಿಕ್ಕಿತ್ತು.

ಆರ್ನೆಸನ್ ಮತ್ತು ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನ ಗ್ಯಾರಿ ಗೈಗ್ಯಾಕ್ಸ್ ಸೇರಿ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರ ಜನವರಿಯಲ್ಲಿ ಹೊರಬಂತು. ಟಿಎಸ್‌ಆರ್ ಸಂಸ್ಥೆ ಮೂರು ಕಿರುಹೊತ್ತಗೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು 10 ಡಾಲರ್‌ಗೆ ಮಾರಿತು. ಮೊದಲು ಅಚ್ಚಾದದ್ದು 1,000 ಪ್ರತಿ. ಇದನ್ನು ಫ್ಯಾಂಟಸಿಯ ಆಟವೆಂದೇ ಎಲ್ಲರೂ ಬಲ್ಲರು. ಆದರೆ ಮುನ್ನುಡಿಯಲ್ಲಿ ಕೋನನ್ ಜೊತೆಗೇ ಬರೋಸ್‌ನ ಮಂಗಳ ಗ್ರಹದ ಸಾಹಸಗಳ ಹೆಸರಿದೆ. ರಾಕ್ಷಸರ ಪಟ್ಟಿಯ ಕೊನೆಯಲ್ಲಿ, ಆಟ ನಡೆಸುವವರು ತಾವೇ ಸೇರಿಸಿಕೊಳ್ಳಬಹುದಾದವುಗಳ ಸಾಲಿನಲ್ಲಿ ರೋಬಾಟ್ ಮತ್ತು ಆಂಡ್ರಾಯ್ಡ್ ಇವೆ. ಬಯಲುಸೀಮೆಯಲ್ಲಿ ಎದುರಾಗುವ ಪ್ರಾಣಿಗಳ ಕೋಷ್ಟಕದಲ್ಲಿ ಬರೋಸ್‌ನ ಮಂಗಳದ ಜೀವಿಗಳಿವೆ. ಮಂತ್ರದ ನಿಯಮವಂತೂ ವ್ಯಾನ್ಸ್‌ನ ಭವಿಷ್ಯಲೋಕದಿಂದ ಎತ್ತಿದ್ದು: ಬೆಳಗ್ಗೆ ಕಲಿತ ಮಂತ್ರ ಪ್ರಯೋಗಿಸಿದ ಕ್ಷಣ ಮರೆತುಹೋಗುತ್ತದೆ.

ಮರುವರ್ಷ, 1975ರಲ್ಲಿ, ಬಂದ ‘ಬ್ಲ್ಯಾಕ್‌ಮೂರ್’ ಪುರವಣಿಯಲ್ಲಿ ಆರ್ನೆಸನ್ ಬರೆದ ‘ಟೆಂಪಲ್ ಆಫ್ ದಿ ಫ್ರಾಗ್’ ಇದೆ. ನಿಯಮಪುಸ್ತಕದ ಜೊತೆ ಅಚ್ಚಾದ ಮೊದಲ ಸಿದ್ಧ ಸಾಹಸಕಥೆ ಎಂದು ಇದನ್ನು ಗುರುತಿಸುತ್ತಾರೆ. ಜೌಗುನೆಲದ ನಡುವಿನ ಗುಡಿ, ಕೊಲ್ಲುವ ಕಪ್ಪೆಗಳನ್ನು ಸಾಕುವ ಪಂಥ ಎಲ್ಲವೂ ಕತ್ತಿ–ಮಂತ್ರದ ಕಥೆಗೆ ಒಪ್ಪುವಂಥವೇ. ಆದರೆ ಗುಡಿಯ ಮಹಾಪುರೋಹಿತ ಬೇರೊಂದು ಲೋಕದಿಂದ ಬಂದವನು. ಅವನು ಪವಾಡವೆಂದು ತೋರಿಸುವುದರ ಹಿಂದೆ ಯಂತ್ರಗಳಿವೆ. ಹೀಗೆ ಈ ಪ್ರಕಾರದ ಮೊದಲ ಅಚ್ಚಾದ ಸಾಹಸವೇ ಬೆರಕೆ.

ನಕ್ಷತ್ರಗಳು ಮಾಯವಾದ ನಾಡು

ಅದೇ 1975ರಲ್ಲಿ ಟಿಎಸ್‌ಆರ್ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಪ್ರಕಟಿಸಿತು. ಬರೆದಾತ ಎಂ. ಎ. ಆರ್. ಬಾರ್ಕರ್, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕ. ಉರ್ದು ಮತ್ತು ಬಲೂಚಿ ಭಾಷೆಗಳ ಪಠ್ಯಪುಸ್ತಕಗಳ ಕರ್ತೃವಾಗಿ ಭಾಷಾವಿಜ್ಞಾನಿಗಳಿಗೆ ಅವರ ಹೆಸರು ಪರಿಚಿತ. ತರುಣನಾಗಿದ್ದಾಗ ಭಾರತಕ್ಕೆ ಬಂದು ಅಧ್ಯಯನ ನಡೆಸಿದ್ದರು. ಅವರು ಕಟ್ಟಿದ ಟೆಕುಮೆಲ್ ಲೋಕ ಯುರೋಪಿನ ಕೋಟೆ ಕೊತ್ತಲಗಳ ಅಚ್ಚಿನದಲ್ಲ. ಗುಡಿಗಳು, ಕುಲಗಳು, ಹುದ್ದೆ ಗೌರವಗಳ ಸೂಕ್ಷ್ಮ ಕಟ್ಟಳೆಗಳು, ಸ್ವಂತ ಲಿಪಿಯಿರುವ ಸ್ವಂತ ಭಾಷೆಗಳು ಅಲ್ಲಿವೆ. ದಕ್ಷಿಣ ಏಷ್ಯಾ ಮತ್ತು ಮಧ್ಯ ಅಮೆರಿಕದ ಪ್ರಾಚೀನ ನಾಗರಿಕತೆಗಳ ಛಾಯೆ ಅದರ ಮೇಲಿದೆ.

ಟೆಕುಮೆಲ್‌ನ ಪೂರ್ವಕಥೆ ವೈಜ್ಞಾನಿಕ ಕಥೆಯದು. ದೂರದ ಭವಿಷ್ಯದಲ್ಲಿ ನಕ್ಷತ್ರಯಾನ ಕಲಿತ ಮನುಷ್ಯರು ಒಂದು ಗ್ರಹವನ್ನು ತಮಗೆ ಬೇಕಾದಂತೆ ಮಾರ್ಪಡಿಸಿ ನೆಲೆಸುತ್ತಾರೆ. ಇದ್ದಕ್ಕಿದ್ದಂತೆ ಆ ಗ್ರಹವ್ಯೂಹವೇ ವಿಶ್ವದಿಂದ ಕಳಚಿ ಬೇರೊಂದು ಆಯಾಮಕ್ಕೆ ಜಾರುತ್ತದೆ. ಆಕಾಶದಲ್ಲಿ ನಕ್ಷತ್ರಗಳು ಇಲ್ಲವಾಗುತ್ತವೆ. ಹೊರಗಿನ ಸಂಪರ್ಕ ತಪ್ಪಿ, ಸಾವಿರಾರು ವರ್ಷಗಳಲ್ಲಿ ಯಂತ್ರವಿದ್ಯೆ ಮರೆತುಹೋಗುತ್ತದೆ. ಲೋಹ ಅಪರೂಪವಾದ್ದರಿಂದ ಚ್ಲೆನ್ ಎಂಬ ದೊಡ್ಡ ಪ್ರಾಣಿಯ ತೊಗಲನ್ನು ಹದಮಾಡಿ ಗಟ್ಟಿಗೊಳಿಸಿ ಕತ್ತಿ ಕವಚ ಮಾಡುತ್ತಾರೆ. ನೆಲದಡಿಯ ಅವಶೇಷಗಳಲ್ಲಿ ಸಿಗುವ ಕಣ್ಣಿನಾಕಾರದ ಸಣ್ಣ ವಸ್ತುಗಳಿಗೆ ‘ಕಣ್ಣು’ ಎಂದೇ ಹೆಸರು. ಒಂದೊಂದರ ಶಕ್ತಿ ಒಂದೊಂದು ಬಗೆ, ಪ್ರತಿ ಬಳಕೆಗೂ ಒಳಗಿನ ಶಕ್ತಿ ಸವೆಯುತ್ತದೆ. ಆ ನಾಡಿನವರಿಗೆ ಅದು ಮಾಂತ್ರಿಕ ವಸ್ತು. ಪುಸ್ತಕ ಓದಿದವರಿಗೆ ಅದು ಹಳೆಯ ಕಾಲದ ಯಂತ್ರ. ಪಾತ್ರಕ್ಕೆ ಗೊತ್ತಿಲ್ಲದ್ದು ಆಟಗಾರನಿಗೆ ಗೊತ್ತಿರುವ ಈ ಅಂತರವೇ ಮುಂದಿನ ಎಷ್ಟೋ ಬೆರಕೆ ಲೋಕಗಳ ಮೂಲಬಂಡವಾಳವಾಯಿತು.

ಬೆಟ್ಟದೊಳಗಿನ ನೌಕೆ

1976ರಲ್ಲಿ ಜೇಮ್ಸ್ ಎಂ. ವಾರ್ಡ್ ಬರೆದ ‘ಮೆಟಮಾರ್ಫಸಿಸ್ ಆಲ್ಫಾ’ ಆ ಅಂತರವನ್ನೇ ಇಡೀ ಆಟವಾಗಿಸಿತು. ವಾರ್ಡನ್ ಎಂಬ ಅಂತರಿಕ್ಷ ನೌಕೆಯ ಉದ್ದ ಸುಮಾರು 80 ಕಿ.ಮೀ.; ಅದರ ಅಂತಸ್ತುಗಳಲ್ಲಿ ಕಾಡು, ಕೆರೆ, ಊರುಗಳಿವೆ. ದಾರಿಯಲ್ಲಿ ಬಡಿದ ವಿಕಿರಣದಿಂದ ಬಹುಪಾಲು ಜನ ಸತ್ತು, ಉಳಿದವರ ಸಂತತಿಗೆ ತಾವಿರುವುದು ನೌಕೆಯೊಳಗೆ ಎಂಬ ಅರಿವೇ ಇಲ್ಲ. ವಾರ್ಡ್‌ಗೆ ಪ್ರೇರಣೆಯಾದದ್ದು ಬ್ರಿಟಿಷ್ ಲೇಖಕ ಬ್ರಯನ್ ಆಲ್ಡಿಸ್‌ನ ಕಾದಂಬರಿ.

ಈ ಹೊಸ ಆಟವನ್ನು ಫ್ಯಾಂಟಸಿ ಆಡುವವರಿಗೆ ಪರಿಚಯಿಸಲೆಂದು ಗೈಗ್ಯಾಕ್ಸ್ ಅದೇ ವರ್ಷ ಬಾಲ್ಟಿಮೋರ್‌ನ ‘ಒರಿಜಿನ್ಸ್’ ಸಮ್ಮೇಳನದ ಸ್ಪರ್ಧೆಗೆ ಒಂದು ಸಾಹಸ ಬರೆದ. ಅದು ‘ಎಕ್ಸ್‌ಪೆಡಿಷನ್ ಟು ದಿ ಬ್ಯಾರಿಯರ್ ಪೀಕ್ಸ್’ ಎಂಬ ಹೆಸರಿನಲ್ಲಿ 1980ರಲ್ಲಿ ಪ್ರಕಟವಾಯಿತು. ಬೆಟ್ಟದ ಕಡೆಯಿಂದ ವಿಚಿತ್ರ ಪ್ರಾಣಿಗಳು ಬಂದು ಜಿಯೋಫ್ ನಾಡನ್ನು ಪೀಡಿಸುತ್ತಿವೆ, ಮೂಲ ಹುಡುಕಿ ಎಂದು ವೀರರನ್ನು ಕಳಿಸುತ್ತಾರೆ. ಅವರು ಹೊಕ್ಕದ್ದು ಗುಹೆಯನ್ನಲ್ಲ, ಎಂದೋ ಅಪ್ಪಳಿಸಿ ಮಣ್ಣಿನಡಿ ಹೂತುಹೋಗಿದ್ದ ನೌಕೆಯನ್ನು. ಸಿಬ್ಬಂದಿ ರೋಗದಿಂದ ಸತ್ತಿದ್ದಾರೆ. ಯಂತ್ರಗಳು ಕೆಲಸ ನಿಲ್ಲಿಸಿಲ್ಲ. ವ್ಯಾಯಾಮಶಾಲೆಯಲ್ಲಿ ಕರಾಟೆ ಕಲಿಸುವ ಆಂಡ್ರಾಯ್ಡ್ ಬಂದವರ ಮೇಲೆ ಪಟ್ಟು ಹಾಕುತ್ತದೆ. ಕಾವಲು ರೋಬಾಟ್‌ಗಳು ಅರ್ಥವಾಗದ ಭಾಷೆಯಲ್ಲಿ ಗುರುತಿನ ಕಾರ್ಡು ಕೇಳುತ್ತವೆ. ಬಾಗಿಲು ತೆರೆಯಲು ಬಣ್ಣಬಣ್ಣದ ಕಾರ್ಡುಗಳು ಬೇಕು. ಬೀಗ ಬಿಚ್ಚುವುದರಲ್ಲಿ ಪಳಗಿದ ಕಳ್ಳನ ಕೈಚಳಕ ಇಲ್ಲಿ ನಡೆಯದು.

ಈ ಸಾಹಸದ ನಿಜವಾದ ಹೊಸತನ ಅದನ್ನು ಆಡಿಸುವ ರೀತಿಯಲ್ಲಿತ್ತು. ಆಟ ನಡೆಸುವವರು ‘ಇಲ್ಲೊಂದು ಲೇಸರ್ ಬಂದೂಕಿದೆ’ ಎಂದುಬಿಟ್ಟರೆ ಗುಟ್ಟು ಅಲ್ಲಿಗೇ ಮುಗಿಯಿತು. ಅದಕ್ಕೆಂದೇ ಜೊತೆಗೆ ಚಿತ್ರಗಳ ಪ್ರತ್ಯೇಕ ಹೊತ್ತಗೆ ಕೊಟ್ಟಿದ್ದರು. ಪುಟ ಬಿಡಿಸಿ ತೋರಿಸಿ, ಹೆಸರು ಹೇಳದೆ, ನಯವಾದ ಲೋಹದ ಒಂದು ತುಂಡು, ಅದರ ಮೇಲೊಂದು ಗುಬುಟು ಎಂದಷ್ಟೇ ಬಣ್ಣಿಸಬೇಕು. ವಸ್ತುವನ್ನು ಕೈಗೆತ್ತಿಕೊಂಡವರು ಅದನ್ನು ಬಳಸಲು ಕಲಿಯುವುದಕ್ಕೆ ಪುಸ್ತಕದಲ್ಲಿ ಬಾಣದ ಗುರುತುಗಳಿಂದ ಹೆಣೆದ ನಕ್ಷೆಯಿದೆ. ಹಾವು ಏಣಿ ಆಟದ ಪಟದಂತೆ, ಒಂದು ಎಸೆತ ಮುಂದಕ್ಕೆ ಒಯ್ದರೆ ಇನ್ನೊಂದು ಹಿಂದಕ್ಕೆ ತಳ್ಳುತ್ತದೆ. ಕೆಟ್ಟ ಎಸೆತ ಬಿದ್ದರೆ ಆಯುಧ ಹಿಡಿದವರ ಮೇಲೇ ಸಿಡಿಯುತ್ತದೆ. ನಕ್ಷೆಯ ಕೊನೆ ಮುಟ್ಟಿದ ಪಾತ್ರಕ್ಕೂ ಅದು ಏನೆಂದು ತಿಳಿದಿರುವುದಿಲ್ಲ, ಹೇಗೆ ಬಳಸಬೇಕೆಂದು ಮಾತ್ರ ತಿಳಿದಿರುತ್ತದೆ. ತಂತ್ರಜ್ಞಾನವನ್ನು ಮಂತ್ರದಂತೆ ಕಾಣುವುದು ಕಾದಂಬರಿಯಲ್ಲಿ ಲೇಖಕನ ವರ್ಣನೆಯಾದರೆ, ಇಲ್ಲಿ ಅದು ದಾಳ ಉರುಳಿಸಿ ಆಡುವ ನಿಯಮವಾಯಿತು.

ಗೋಡೆ ಎದ್ದ ವರ್ಷಗಳು

ಅಷ್ಟರಲ್ಲಿ ಪುಸ್ತಕದಂಗಡಿಗಳ ಕಪಾಟುಗಳು ಬೇರೆಯಾಗತೊಡಗಿದ್ದವು. 1965ರಲ್ಲಿ ಟೋಲ್ಕಿನ್‌ನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅಗ್ಗದ ಆವೃತ್ತಿಯಲ್ಲಿ ಅಮೆರಿಕದಲ್ಲಿ ಭಾರಿಯಾಗಿ ಮಾರಾಟವಾದ ಮೇಲೆ ಅದೇ ಜಾಡಿನ ಕಥೆಗಳಿಗೆ ಬೇಡಿಕೆ ಹುಟ್ಟಿತು. 1977ರಲ್ಲಿ ಟೆರಿ ಬ್ರೂಕ್ಸ್‌ನ ‘ದಿ ಸ್ವೋರ್ಡ್ ಆಫ್ ಶನಾರಾ’ ಗೆದ್ದ ನಂತರ ಫ್ಯಾಂಟಸಿ ಸ್ವತಂತ್ರ ಸರಕಾಯಿತು. ಆಟಗಳೂ ಅದೇ ದಾರಿ ಹಿಡಿದವು. 1977ರಲ್ಲಿ ಮಾರ್ಕ್ ಮಿಲ್ಲರ್ ರೂಪಿಸಿದ ‘ಟ್ರಾವೆಲರ್’ ಮಂತ್ರಕ್ಕೆ ಎಡೆಯಿಲ್ಲದ ನಕ್ಷತ್ರಯಾನದ ಆಟ. ಟಿಎಸ್‌ಆರ್ ತನ್ನ ಅಂತರಿಕ್ಷದ ಕಥೆಗಳಿಗೆ 1982ರಲ್ಲಿ ‘ಸ್ಟಾರ್ ಫ್ರಾಂಟಿಯರ್ಸ್’ ಎಂಬ ಪ್ರತ್ಯೇಕ ಆಟ ತಂದಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಜನಪ್ರಿಯ ಲೋಕಗಳಾದ ‘ಡ್ರ್ಯಾಗನ್‌ಲ್ಯಾನ್ಸ್’ (1984), ‘ಫರ್ಗಾಟನ್ ರೆಲ್ಮ್ಸ್’ (1987) ಎರಡೂ ಕತ್ತಿ, ಮಂತ್ರ, ದೇವತೆಗಳವು.

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕ್ಯಾಲಿಫೋರ್ನಿಯಾದ ಡೇವಿಡ್ ಹಾರ್ಗ್ರೇವ್ 1977ರಲ್ಲಿ ಪ್ರಕಟಿಸಿದ ‘ಆರ್ಡುಯಿನ್’ ಹಲವು ಲೋಕಗಳ ದ್ವಾರಗಳು ಬಂದು ಕೂಡುವ ನಾಡು. ಅಲ್ಲಿ ಯಾವುದಕ್ಕೂ ನಿಷೇಧವಿಲ್ಲ. ಗೈಗ್ಯಾಕ್ಸ್‌ನ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಪುಸ್ತಕದಲ್ಲಿ ಅಣುಯುದ್ಧದ ನಂತರದ ‘ಗಾಮಾ ವರ್ಲ್ಡ್’ ಆಟದ ಪಾತ್ರಗಳನ್ನು ಮಂತ್ರದ ಲೋಕಕ್ಕೆ ತರುವ ನಿಯಮಗಳಿವೆ. ಆದರೂ ಎಂಬತ್ತರ ದಶಕದ ಹೊಸ ಆಟಗಾರರಿಗೆ ಬೆಟ್ಟದೊಳಗಿನ ನೌಕೆ ಹಳೆಯವರ ತಮಾಷೆಯಂತೆ ಕಂಡದ್ದೇ ಹೆಚ್ಚು.

ಲೆಕ್ಕ ಬರೆದ ಬೆರಕೆಗಳು

ದಶಕದ ಕೊನೆಗೆ ಬೆರಕೆ ಮತ್ತೆ ಬಂತು, ಈ ಸಲ ಗುಟ್ಟಾಗಿ ಅಲ್ಲ, ಮುಖಪುಟದ ಮೇಲೆಯೇ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ ‘ವಾರ್‌ಹ್ಯಾಮರ್ 40,000’ ಎಂಬ ಸೈನಿಕರ ಆಟದಲ್ಲಿ ಫ್ಯಾಂಟಸಿ ಕಥೆಗಳ ಓರ್ಕ್‌ಗಳನ್ನೂ ಎಲ್ಫ್‌ಗಳ ಹೋಲಿಕೆಯ ಜನರನ್ನೂ ಅಂತರಿಕ್ಷಕ್ಕೆ ಏರಿಸಿತು. ನಂತರದ ಮೂರು ವರ್ಷಗಳಲ್ಲಿ ಬಂದ ಮೂರು ಪಾತ್ರಾಭಿನಯದ ಆಟಗಳು ಮೂರು ಬೇರೆ ಉಪಾಯ ಹೂಡಿದವು. ಕತ್ತಿಯೂ ಲೇಸರೂ ಒಂದೇ ಮೇಜಿಗೆ ಬಂದರೆ ಎರಡರ ಬಲವನ್ನು ತೂಗುವ ತಕ್ಕಡಿ ಬೇಕು. ಮೂರೂ ಆಟಗಳ ಗುಣ ತಿಳಿಯುವುದು ಆ ತಕ್ಕಡಿಯಲ್ಲಿ.

ಜೆಫ್ ಗ್ರಬ್ 1989ರಲ್ಲಿ ಟಿಎಸ್‌ಆರ್‌ಗಾಗಿ ರೂಪಿಸಿದ ‘ಸ್ಪೆಲ್‌ಜ್ಯಾಮರ್’ ಯಂತ್ರಗಳನ್ನು ದೂರವಿಟ್ಟು ಅಂತರಿಕ್ಷವನ್ನೇ ಫ್ಯಾಂಟಸಿಯಾಗಿಸಿತು. ಮರದ ಹಡಗುಗಳು ಗ್ರಹದಿಂದ ಗ್ರಹಕ್ಕೆ ತೇಲುತ್ತವೆ. ಪ್ರತಿ ಹಡಗೂ ತನ್ನ ಸುತ್ತಲ ಗಾಳಿಯನ್ನು ಹೊತ್ತೊಯ್ಯುತ್ತದೆ. ಜನ ಹೆಚ್ಚಾದರೆ ಗಾಳಿ ಬೇಗ ಕೆಡುತ್ತದೆ. ಗ್ರಹವ್ಯೂಹಗಳನ್ನು ಸ್ಫಟಿಕದ ಗೋಲಗಳು ಸುತ್ತುವರಿದಿವೆ, ಗೋಲಗಳ ನಡುವೆ ಬೆಂಕಿ ತಾಗಿದರೆ ಸಿಡಿಯುವ ಫ್ಲೋಜಿಸ್ಟನ್ ತುಂಬಿದೆ. ಇದು ಹದಿನೆಂಟನೆಯ ಶತಮಾನದ ರಸಾಯನಶಾಸ್ತ್ರ ನಂಬಿ ಕೈಬಿಟ್ಟ ಪದಾರ್ಥ. ಹಡಗು ನಡೆಸಲು ಮಂತ್ರವಾದಿಯೊಬ್ಬ ವಿಶೇಷ ಆಸನದಲ್ಲಿ ಕೂರಬೇಕು. ಕೂತರೆ ಆ ದಿನದ ಅವನ ಮಂತ್ರಗಳೆಲ್ಲ ಖರ್ಚಾದಂತೆ. ಹಡಗಿನ ಇಂಧನಕ್ಕೆ ಮಂತ್ರಗಳಲ್ಲೇ ಬೆಲೆ ತೆರುವ ವ್ಯವಸ್ಥೆ ಇದು.

ಅದೇ ವರ್ಷ ಶಿಕಾಗೋದ ಫಾಸಾ ಸಂಸ್ಥೆ ತಂದ ‘ಶ್ಯಾಡೋರನ್’ ನಡೆಯುವುದು 2050ರ ಸಿಯಾಟಲ್‌ನಲ್ಲಿ. ಬೃಹತ್ ಕಂಪನಿಗಳೇ ಅಲ್ಲಿ ಸರ್ಕಾರಗಳಿಗಿಂತ ಬಲಶಾಲಿ. 2011ರ ಡಿಸೆಂಬರ್ 24ರಂದು ಜಪಾನಿನ ಫ್ಯೂಜಿ ಬೆಟ್ಟದ ಬಳಿ ಡ್ರ್ಯಾಗನ್ ಒಂದು ಕಾಣಿಸಿಕೊಂಡು, ಜಗತ್ತಿಗೆ ಮಾಯೆ ಮರಳಿತು ಎಂಬುದು ಅದರ ಪೂರ್ವಕಥೆ. ಆಟದ ತಿರುಳು ‘ಎಸೆನ್ಸ್’ ಎಂಬ ಒಂದು ಅಂಕೆಯಲ್ಲಿದೆ. ಪ್ರತಿ ಮನುಷ್ಯನಿಗೂ ಅದು 6. ಮೈಯೊಳಗೆ ಯಂತ್ರ ಕೂರಿಸಿಕೊಂಡಷ್ಟೂ ಅದು ಇಳಿಯುತ್ತದೆ: ನರಗಳ ವೇಗ ಹೆಚ್ಚಿಸುವ ತಂತಿಯ ಮೊದಲ ಮಟ್ಟಕ್ಕೇ 2 ಅಂಕ ಹೋಗುತ್ತದೆ. ಎಸೆನ್ಸ್ ಇಳಿದಂತೆ ಮಂತ್ರಶಕ್ತಿಯೂ ಇಳಿಯುತ್ತದೆ. ಹಾಗಾಗಿ ಆಟಗಾರ ಪಾತ್ರವನ್ನು ಬರೆಯುವಾಗಲೇ ಯಂತ್ರವೋ ಮಂತ್ರವೋ ಎಂದು ತೀರ್ಮಾನಿಸಬೇಕು. ಎರಡು ಪ್ರಕಾರಗಳ ನಡುವಿನ ಗೋಡೆಯನ್ನು ಈ ಆಟ ಕೆಡವಲಿಲ್ಲ. ಲೋಕದ ನಡುವಿನಿಂದ ತೆಗೆದು ಒಬ್ಬೊಬ್ಬರ ಮೈಯೊಳಗೆ ಕಟ್ಟಿತು. ಸೈಬರ್‌ಪಂಕ್ ಪ್ರಕಾರಕ್ಕೆ ಹೆಸರು ತಂದ ಕಾದಂಬರಿಕಾರ ವಿಲಿಯಂ ಗಿಬ್ಸನ್‌ಗೆ ತನ್ನ ಬಗೆಯ ಕಥೆಗೆ ಎಲ್ಫ್‌ಗಳನ್ನು ಸೇರಿಸಿದ್ದು ಸ್ವಲ್ಪವೂ ಹಿಡಿಸಲಿಲ್ಲ, ಅದನ್ನಾತ ಮುಚ್ಚಿಡಲೂ ಇಲ್ಲ. ಆಟ ಮಾತ್ರ ಆವೃತ್ತಿಯ ಮೇಲೆ ಆವೃತ್ತಿ ಕಂಡಿತು.

ಕೆವಿನ್ ಸಿಂಬೀಡಾ 1990ರಲ್ಲಿ ಪ್ಯಾಲೇಡಿಯಂ ಬುಕ್ಸ್‌ನಿಂದ ಪ್ರಕಟಿಸಿದ ‘ರಿಫ್ಟ್ಸ್’ ತೂಗುವ ಗೋಜಿಗೇ ಹೋಗಲಿಲ್ಲ. ಮಹಾನಾಶದ ನಂತರ ಭೂಮಿಯ ಶಕ್ತಿರೇಖೆಗಳು ಬಿರಿದು, ಬಿರುಕುಗಳಿಂದ ಬೇರೆ ಲೋಕಗಳ ಜೀವಿಗಳು ನುಗ್ಗಿಬಂದಿವೆ; ಡ್ರ್ಯಾಗನ್, ಮಾಂತ್ರಿಕ, ಯಂತ್ರಕವಚದ ಯೋಧ ಒಂದೇ ತಂಡದಲ್ಲಿರುತ್ತಾರೆ. ಟ್ಯಾಂಕನ್ನೂ ಮನುಷ್ಯನನ್ನೂ ಒಂದೇ ನಿಯಮದಲ್ಲಿ ಅಳೆಯಲು ‘ಮೆಗಾ ಡ್ಯಾಮೇಜ್’ ಎಂಬ ಮಾನ ಬಂತು: ಅದರ 1 ಅಂಕ ಸಾಮಾನ್ಯ ಪೆಟ್ಟಿನ 100 ಅಂಕಕ್ಕೆ ಸಮ. ಪರಿಣಾಮವಾಗಿ ಕವಚವಿಲ್ಲದವನಿಗೆ ಚಿಕ್ಕ ಲೇಸರ್ ಪಿಸ್ತೂಲಿನ ಒಂದು ಹೊಡೆತ ಸಾಕು. ಇದು ಅಸಮತೋಲ ಎಂದು ಗೊಣಗುವವರೂ ಆ ಅತಿರೇಕವೇ ಮಜಾ ಎನ್ನುವವರೂ ಇಂದಿಗೂ ಇದ್ದಾರೆ.

ಹೊಸ ಶತಮಾನ

2000ದ ನಂತರ ಬೆರಕೆಗೆ ಸಮರ್ಥನೆ ಬೇಕಾಗಲಿಲ್ಲ. ಹೊಸ ಲೋಕಕ್ಕಾಗಿ ನಡೆದ ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು 2004ರಲ್ಲಿ ಪ್ರಕಟವಾದ ಕೀತ್ ಬೇಕರ್‌ನ ‘ಎಬೆರಾನ್’ ಲೆಕ್ಕವನ್ನು ತಲೆಕೆಳಗು ಮಾಡಿತು: ಅಲ್ಲಿ ಯಂತ್ರ ಮಂತ್ರದಂತೆ ಕಾಣುವುದಿಲ್ಲ, ಮಂತ್ರವೇ ಕೈಗಾರಿಕೆಯಾಗಿದೆ. ಭೂತಶಕ್ತಿಯನ್ನು ಕಟ್ಟಿಹಾಕಿ ಓಡಿಸುವ ರೈಲುಗಳಿವೆ. ಯುದ್ಧಕ್ಕೆಂದು ತಯಾರಿಸಿದ ಜೀವಂತ ಯೋಧರು ಯುದ್ಧ ಮುಗಿದ ಮೇಲೆ ಬದುಕಲು ದಾರಿ ಹುಡುಕುತ್ತಾರೆ. ಪೈಜೋ ಸಂಸ್ಥೆ 2014ರಲ್ಲಿ ಆರಂಭಿಸಿದ ‘ಐರನ್ ಗಾಡ್ಸ್’ ಸಾಹಸಮಾಲೆ ನಡೆಯುವುದು ಆಕಾಶದಿಂದ ನೌಕೆ ಬಿದ್ದ ನ್ಯೂಮೇರಿಯಾ ನಾಡಿನಲ್ಲಿ, ಅಂದರೆ ಗೈಗ್ಯಾಕ್ಸ್ ಹೂತಿಟ್ಟ ನೌಕೆಯ ನೆರಳಿನಲ್ಲಿ. ಅದೇ ಸಂಸ್ಥೆಯ 2017ರ ‘ಸ್ಟಾರ್‌ಫೈಂಡರ್’ ಎಲ್ಫ್‌ಗಳನ್ನೂ ಡ್ವಾರ್ಫ್‌ಗಳನ್ನೂ ನಕ್ಷತ್ರನೌಕೆಗೆ ಹತ್ತಿಸಿತು.

ಮಾಂಟಿ ಕುಕ್ 2013ರಲ್ಲಿ ತಂದ ‘ನ್ಯೂಮೆನೆರಾ’ ವ್ಯಾನ್ಸ್‌ನ ದಾರಿಗೆ ಮರಳಿತು. ಓದುಗರಿಂದ ಮುಂಗಡವಾಗಿ ಕೂಡಿದ 5 ಲಕ್ಷಕ್ಕೂ ಹೆಚ್ಚು ಡಾಲರ್ ಹಣದಲ್ಲಿ ಸಿದ್ಧವಾದ ಆಟವಿದು. ನೂರು ಕೋಟಿ ವರ್ಷಗಳ ನಂತರದ ಭೂಮಿಯಲ್ಲಿ ಎಂಟು ಮಹಾನಾಗರಿಕತೆಗಳು ಬಂದುಹೋಗಿವೆ, ಅವುಗಳ ಕಸದ ಮೇಲೆ ಒಂಬತ್ತನೆಯ ಲೋಕ ನಿಂತಿದೆ. ನೆಲದಲ್ಲಿ ಸಿಗುವ ಸಣ್ಣ ಸಾಧನಗಳು ಒಂದೇ ಸಲ ಕೆಲಸ ಮಾಡುತ್ತವೆ, ಒಬ್ಬರು ಕೆಲವನ್ನಷ್ಟೇ ಇಟ್ಟುಕೊಳ್ಳಬಹುದು. ಒಮ್ಮೆ ಬಳಸಿದರೆ ಇಲ್ಲವಾಗುವ ವ್ಯಾನ್ಸ್‌ನ ಮಂತ್ರ ಇಲ್ಲಿ ಯಂತ್ರವಾಗಿ ಹುಟ್ಟಿಬಂದಿದೆ.

2022ರಲ್ಲಿ ಸ್ಪೆಲ್‌ಜ್ಯಾಮರ್ ಹೊಸ ರೂಪದಲ್ಲಿ ಮರಳಿತು. ಮರುವರ್ಷ ಬಂದ ‘ಬಾಲ್ಡರ್ಸ್ ಗೇಟ್ 3’ ಕಂಪ್ಯೂಟರ್ ಆಟ ತೆರೆದುಕೊಳ್ಳುವುದೇ ನಾಟಿಲಾಯ್ಡ್ ಎಂಬ ಹಾರುವ ಹಡಗಿನೊಳಗೆ. ಅದನ್ನು ನಡೆಸುವ ಮೈಂಡ್ ಫ್ಲೇಯರ್ ಎಂಬ ಜೀವಿಗಳು 1975ರಿಂದಲೂ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿವೆ. ಕತ್ತಿ ಹಿಡಿದ ವೀರ, ಮಂತ್ರ ಕಲಿತ ಎಲ್ಫ್ ಮತ್ತು ಲೋಕದಿಂದ ಲೋಕಕ್ಕೆ ಜಿಗಿಯುವ ನೌಕೆ ಆ ದೃಶ್ಯದಲ್ಲಿ ಒಟ್ಟಿಗಿವೆ, ಮೂರೂ ಒಂದೇ ಕಡೆ ಹೇಗೆ ಬಂದವೆಂದು ಆಟ ವಿವರಿಸಲು ನಿಲ್ಲುವುದಿಲ್ಲ. ಮೊದಲ ಪೆಟ್ಟಿಗೆಯ ಕಿರುಹೊತ್ತಗೆಗಳೂ ವಿವರಿಸಿರಲಿಲ್ಲ.